ಮೀಟಿಯರ್ 350 ಅಥವಾ ಸೂಪರ್ ಮೀಟಿಯರ್ 650: ಪೇಟೆಗೂ ಘಾಟಿಗೂ ಒಂದೇ ಕ್ರೂಸರ್ ಬೇಕೆನ್ನುವವರಿಗೆ

ರಾಯಲ್ ಎನ್‌ಫೀಲ್ಡ್‌ನ ಮೀಟಿಯರ್ 350 ಮತ್ತು ಸೂಪರ್ ಮೀಟಿಯರ್ 650ರ ನಡುವೆ ತೂಗಾಡುತ್ತಿರುವವರಿಗೆ ಗೆಳೆಯರಿಂದ ಸಿಗುವ ಸಲಹೆ ಬಹುಮಟ್ಟಿಗೆ ಒಂದೇ: ದುಡ್ಡಿದ್ದರೆ ದೊಡ್ಡದು, ಇಲ್ಲದಿದ್ದರೆ ಚಿಕ್ಕದು. ಬೇರೆ ಗಾಡಿಗಳ ವಿಷಯದಲ್ಲಿ ಈ ಮಾತು ನಡೆದೀತು, ಇವೆರಡರ ವಿಷಯದಲ್ಲಿ ನಡೆಯುವುದಿಲ್ಲ. ದುಡ್ಡಿದ್ದೂ 350 ಕೊಳ್ಳಬೇಕಾದವರಿದ್ದಾರೆ. ಕಂತಿನಲ್ಲಿಯಾದರೂ 650 ಕೊಂಡು ಸುಖವಾಗಿರುವವರೂ ಇದ್ದಾರೆ. ಆದರೆ ಅಂಥವರು ಷೋರೂಮಿನ ಹೊಳಪಿನಲ್ಲಿ ನಿಂತಾಗ ನಮಗೆ ಅನ್ನಿಸುವಷ್ಟು ಮಂದಿ ಇಲ್ಲ.

ಇಲ್ಲಿ ನನ್ನ ಕಣ್ಣ ಮುಂದಿರುವ ಸವಾರ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದ್ದಾರೆ. ವಾರವಿಡೀ ಕಚೇರಿಗೆ ಓಡಾಡುತ್ತಾರೆ. ರಜೆ ಸಿಕ್ಕಾಗ ಸಕಲೇಶಪುರ, ಮೂಡಿಗೆರೆ, ಆಗುಂಬೆ, ಮಡಿಕೇರಿ ಎಂದು ಹೊರಡುತ್ತಾರೆ. ಕಾಲು ಮುಂದಕ್ಕೆ ಚಾಚಿ ಆರಾಮವಾಗಿ ಕೂರುವ ಭಂಗಿಯೇ ಅವರಿಗೆ ಬೇಕು, ಹಾಗಾಗಿ ಕ್ರೂಸರ್ ಎಂಬುದು ಆಗಲೇ ತೀರ್ಮಾನವಾಗಿದೆ. ಎರಡೂ ಒಂದೇ ಕಂಪನಿಯ ಗಾಡಿಗಳಾದ್ದರಿಂದ ಸರ್ವಿಸ್ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಯನ್ನು ಬದಿಗಿಡಬಹುದು. ಬ್ರೇಕಿನದೂ ಹಾಗೆಯೇ. ಎರಡಕ್ಕೂ ಹಿಂದೆ ಮುಂದೆ ಡಿಸ್ಕ್ ಇದೆ, ಎರಡೂ ಚಕ್ರಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಇದೆ.

ಯಾವುದರಿಂದ ಅಳೆಯಬೇಕು

ಮೊದಲು ಲೆಕ್ಕ ಹಾಕಬೇಕಾದದ್ದು ಕಿಲೋಮೀಟರನ್ನಲ್ಲ, ಗಂಟೆಗಳನ್ನು. ದಿನಕ್ಕೆ ಎರಡು ಗಂಟೆ ಪೇಟೆಯಲ್ಲಿ ಓಡಿಸುವವರು ತಿಂಗಳಿಗೆ ಸುಮಾರು ಐವತ್ತು ಗಂಟೆ ಸಿಗ್ನಲ್ಲು, ಗುಂಡಿ, ಹಂಪುಗಳ ನಡುವೆ ಇರುತ್ತಾರೆ. ತಿಂಗಳಿಗೊಮ್ಮೆ ಘಾಟಿಗೆ ಹೋದರೆ ಹತ್ತು ಹನ್ನೆರಡು ಗಂಟೆಯ ಸವಾರಿ, ಅದರಲ್ಲಿ ನಿಜವಾದ ತಿರುವುಗಳಲ್ಲಿ ಕಳೆಯುವುದು ಒಂದೆರಡು ಗಂಟೆ. ಕೊಳ್ಳುವಾಗ ಕನಸು ಕಾಣುವುದು ಮಾತ್ರ ಆ ಒಂದೆರಡು ಗಂಟೆಯದ್ದನ್ನೇ.

ಈ ಗಂಟೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಐದು ವಿಷಯ ನೋಡೋಣ: ನಿಂತಾಗಿನ ತೂಕ, ನೆಲದಿಂದ ಗಾಡಿಯ ಹೊಟ್ಟೆಗಿರುವ ಅಂತರ, ತಿರುವಿನಲ್ಲಿ ನಡೆದುಕೊಳ್ಳುವ ರೀತಿ, ಹಿಂದೆ ಒಬ್ಬರು ಕೂತಾಗ ಉಳಿಯುವ ಕಸುವು, ಕೊನೆಗೆ ಹಣ. ಇವುಗಳಲ್ಲಿ ಮೊದಲ ಎರಡನ್ನು ಜನ ನೋಡುವುದೇ ಇಲ್ಲ. ನನ್ನ ಪ್ರಕಾರ ಅರ್ಧ ತೀರ್ಮಾನ ಅಲ್ಲೇ ಆಗಿಬಿಡಬೇಕು.

ನಿಂತ ಗಾಡಿಯ ತೂಕ

ಪೆಟ್ರೋಲ್ ಸಹಿತ ಮೀಟಿಯರ್ 350ರ ತೂಕ 191 ಕೆ.ಜಿ., ಸೂಪರ್ ಮೀಟಿಯರ್ 650ರದ್ದು 241 ಕೆ.ಜಿ. ನಡುವಿನ ವ್ಯತ್ಯಾಸ ಸರಿಯಾಗಿ ಒಂದು ಚೀಲ ಸಿಮೆಂಟು. ಗಾಡಿ ಓಡುತ್ತಿರುವಾಗ ಈ ಚೀಲ ಎಲ್ಲಿದೆ ಎಂದೇ ತಿಳಿಯುವುದಿಲ್ಲ. 650ರ ತೂಕ ತಳದಲ್ಲಿ ಕೂತಿರುವುದರಿಂದ ಗಂಟೆಗೆ 20 ಕಿ.ಮೀ. ದಾಟಿತೆಂದರೆ ಅದು ಹಗುರವಾಗಿಯೇ ಅನ್ನಿಸುತ್ತದೆ. ತೊಂದರೆ ಇರುವುದು ವೇಗ ಸೊನ್ನೆಗೆ ಇಳಿದಾಗ.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಂಬಕ್ಕೂ ಪಕ್ಕದವರ ಕಾರಿಗೂ ನಡುವೆ ಗಾಡಿ ನಿಲ್ಲಿಸುತ್ತೀರಿ ಎಂದುಕೊಳ್ಳಿ. ಬೆಳಿಗ್ಗೆ ಅದನ್ನು ಹಿಂದಕ್ಕೆ ತಳ್ಳಬೇಕು, ನೆಲ ಸ್ವಲ್ಪ ಇಳಿಜಾರು, ಟೈಲ್ಸ್ ಮೇಲೆ ನೀರು. 350ಯಾದರೆ ಸೀಟಿನ ಮೇಲೆ ಕೂತು ಕಾಲಿನಿಂದಲೇ ಹಿಂದಕ್ಕೆ ದೂಡಬಹುದು. 650ಯಾದರೆ ಇಳಿದು, ಹ್ಯಾಂಡಲ್ ಹಿಡಿದು, ಸೊಂಟವನ್ನು ಸೀಟಿಗೆ ಒತ್ತಿಕೊಂಡು ದೂಡಬೇಕು. ಅಷ್ಟರಲ್ಲಿ ಅದು ಹೊರಗಡೆಗೆ ಐದು ಡಿಗ್ರಿ ವಾಲಿತೋ, ಒಬ್ಬರಿಂದ ತಡೆಯುವುದು ಕಷ್ಟ. ಹೋಟೆಲ್ ಮುಂದೆ ಚರಂಡಿ ಕಡೆಗೆ ಇಳಿಜಾರಿರುವ ಜಾಗದಲ್ಲಿ ಮೂತಿ ಮುಂದೆ ಮಾಡಿ ನಿಲ್ಲಿಸಿದರೆ ಹಿಂದೆ ತೆಗೆಯಲು ಇನ್ನೊಬ್ಬರ ಕೈ ಬೇಕೇ ಬೇಕು. 650 ಇಟ್ಟುಕೊಂಡವರು ಕ್ರಮೇಣ ಎಲ್ಲೇ ಹೋದರೂ ಮೊದಲು ನೆಲದ ಓರೆ ನೋಡುವುದನ್ನು ಕಲಿಯುತ್ತಾರೆ.

ಸೀಟಿನ ಎತ್ತರ 650ಕ್ಕೆ 740 ಮಿ.ಮೀ., 350ಕ್ಕೆ 765. ಹೀಗಾಗಿ ಕುಳ್ಳಗಿರುವವರಿಗೆ ದೊಡ್ಡ ಗಾಡಿಯೇ ಸಲೀಸು ಎಂಬ ಮಾತು ಹುಟ್ಟಿಕೊಂಡಿದೆ. ಪಾದ ನೆಲಕ್ಕೆ ಊರುವುದಷ್ಟೇ ಪ್ರಶ್ನೆಯಾದರೆ ಅದು ನಿಜ. ಆದರೆ 650ರ ಹ್ಯಾಂಡಲ್ ಅಗಲ, ಫುಟ್‌ರೆಸ್ಟ್ ದೂರ. ಐದು ಅಡಿ ಮೂರು ಅಂಗುಲದವರು ಕಿರಿದಾದ ಬೀದಿಯಲ್ಲಿ ಹ್ಯಾಂಡಲನ್ನು ಪೂರ್ತಿ ಬಲಕ್ಕೆ ತಿರುಗಿಸಿದಾಗ ಎಡಗೈ ಕ್ಲಚ್‌ಗೆ ನಿಲುಕುತ್ತದೆಯೇ ಎಂಬುದನ್ನು ನೋಡಿಕೊಳ್ಳಲೇಬೇಕು. 350ರಲ್ಲಿ ಈ ತಾಪತ್ರಯ ಕಡಿಮೆ.

ಸಂಜೆ ಆರರ ಹೊತ್ತಿನ ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಯ ದಟ್ಟಣೆಯಲ್ಲಿ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಎರಡೂ ಗಾಳಿ ಮತ್ತು ಆಯಿಲ್‌ನಿಂದ ತಣಿಯುವ ಎಂಜಿನ್‌ಗಳೇ, ರೇಡಿಯೇಟರ್ ನೀರಿಲ್ಲ. ಒಂದು ಸಿಲಿಂಡರಿನ 349 ಸಿಸಿ ಎಂಜಿನ್ ನಿಂತಲ್ಲಿ ಬೆಚ್ಚಗಾಗುತ್ತದೆ. ಎರಡು ಸಿಲಿಂಡರಿನ 648 ಸಿಸಿ ಎಂಜಿನ್‌ನ ಬಿಸಿ ಮಾತ್ರ ಏಪ್ರಿಲ್‌ನಲ್ಲಿ ಮೊಣಕಾಲಿನ ಒಳಬದಿಗೆ ಚೆನ್ನಾಗಿಯೇ ತಟ್ಟುತ್ತದೆ. ಕ್ಲಚ್ ವಿಷಯದಲ್ಲಿ ತಾರತಮ್ಯ ಈಗ ಕಡಿಮೆಯಾಗಿದೆ. ಕೈಗೆ ಹಗುರಾಗುವ ಸ್ಲಿಪ್-ಅಸಿಸ್ಟ್ ಕ್ಲಚ್ 650ಕ್ಕೆ ಮೊದಲಿನಿಂದಲೂ ಇತ್ತು, 2025ರಲ್ಲಿ ಪರಿಷ್ಕರಿಸಿದ ಮೀಟಿಯರ್ 350ಕ್ಕೂ ಅದು ಬಂದಿದೆ. ಹಳೆಯ 350 ಕೊಳ್ಳುವವರು ಇದನ್ನು ನೆನಪಿಡಬೇಕು.

ಹಂಪುಗಳ ಊರಿನಲ್ಲಿ 135 ಮಿಲಿಮೀಟರ್

ಸೂಪರ್ ಮೀಟಿಯರ್‌ನ ಹೊಟ್ಟೆ ನೆಲದಿಂದ 135 ಮಿ.ಮೀ. ಎತ್ತರದಲ್ಲಿದೆ, ಮೀಟಿಯರ್ 350ರದ್ದು 170. ಕಾಗದದ ಮೇಲೆ ಮೂರೂವರೆ ಸೆಂಟಿಮೀಟರ್ ಅಂತರ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಮಾದರಿ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅಂಥ ಹಂಪಿನ ಮೇಲೆ 650 ನಿಶ್ಚಿಂತೆಯಿಂದ ಹೋಗುತ್ತದೆ. ಆದರೆ ನಮ್ಮ ಬಡಾವಣೆಗಳಲ್ಲಿ ಹಂಪು ಹಾಕುವುದು ಆ ಪುಸ್ತಕ ನೋಡಿಕೊಂಡಲ್ಲ. ಶಾಲೆಯ ಮುಂದೆ, ದೇವಸ್ಥಾನದ ಮುಂದೆ, ಯಾರದೋ ಮನೆಯ ಮುಂದೆ ಡಾಂಬರಿನ ಒಂದು ಗುಡ್ಡೆ. ಅಗಲವಾದ ಹಂಪಿಗಿಂತ ಅಗಲವಿಲ್ಲದ ಚೂಪು ಹಂಪೇ ಹೆಚ್ಚು ಅಪಾಯ. ಏಕೆಂದರೆ 650ರ ಎರಡು ಚಕ್ರಗಳ ನಡುವಿನ ಅಂತರ 1,500 ಮಿ.ಮೀ. ಮುಂದಿನ ಚಕ್ರ ಇಳಿದು ಹಿಂದಿನದು ಇನ್ನೂ ಹತ್ತದಿರುವಾಗ ಹಂಪಿನ ನೆತ್ತಿ ನೇರವಾಗಿ ಎಂಜಿನ್ ಕೆಳಗೆ ಬರುತ್ತದೆ. 350ಯಲ್ಲಿ ಈ ಅಂತರ 1,400.

ಹಿಂದೆ ಒಬ್ಬರು ಕೂತಿದ್ದರೆ ಶಾಕ್ ಅಬ್ಸಾರ್ಬರ್ ಇನ್ನಷ್ಟು ಕುಗ್ಗುತ್ತದೆ. ಅಂಥ ಹಂಪನ್ನು 650ರಲ್ಲಿ ಓರೆಯಾಗಿ, ನಡಿಗೆಯ ವೇಗದಲ್ಲಿ ದಾಟಿದರೂ ಕೆಲವೊಮ್ಮೆ ಕೆಳಗಿನಿಂದ ಕರಕರ ಸದ್ದು ಕೇಳಿಬರುತ್ತದೆ. ಮೊದಲ ಸಲ ಕೇಳಿದಾಗ ಎದೆ ಝಲ್ಲೆನ್ನುತ್ತದೆ, ಆಮೇಲೆ ರೂಢಿಯಾಗುತ್ತದೆ. ಸ್ಪ್ರಿಂಗನ್ನು ಬಿಗಿ ಮಾಡಿಸಿಕೊಂಡರೆ ಸದ್ದು ತಗ್ಗುತ್ತದೆ, ಬದಲಿಗೆ ಗುಂಡಿಯ ಪೆಟ್ಟು ಬೆನ್ನಿಗೆ ಬರುತ್ತದೆ. 650ರ ಹಿಂದಿನ ಶಾಕ್‌ಗಿರುವ ಆಟ ಬರೀ 101 ಮಿ.ಮೀ. ಬೇರೆ ಬೈಕುಗಳಲ್ಲಿ ಗುಂಡಿ ಕಂಡಾಗ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೀಟಿನಿಂದ ಮೇಲೇಳುತ್ತೇವಲ್ಲ, ಕ್ರೂಸರ್‌ನಲ್ಲಿ ಕಾಲು ಮುಂದಿರುವುದರಿಂದ ಅದು ಆಗದ ಮಾತು. ಪೆಟ್ಟೆಲ್ಲ ಬೆನ್ನುಹುರಿಯ ಬುಡಕ್ಕೇ. ಇದು 350ಕ್ಕೂ ಅನ್ವಯಿಸುತ್ತದೆ, ಸ್ವಲ್ಪ ಕಡಿಮೆ ಪ್ರಮಾಣದಲ್ಲಿ. ಸೊಂಟ ನೋವಿನ ಇತಿಹಾಸವಿರುವವರಿಗೆ ನಾನು ಎರಡನ್ನೂ ಹೇಳುವುದಿಲ್ಲ. ಹೋಂಡಾ ಹೈನೆಸ್ ಸಿಬಿ350ಯಂಥ ನೆಟ್ಟಗೆ ಕೂರುವ ಗಾಡಿ ನೋಡಿ.

ಘಾಟಿಯಲ್ಲಿ

ಈಗ ಎಲ್ಲರ ಕನಸಿನ ಭಾಗ. ಸೂಪರ್ ಮೀಟಿಯರ್ 47 ಪಿಎಸ್ (ಅಶ್ವಶಕ್ತಿ) ಶಕ್ತಿ, 52.3 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಮೀಟಿಯರ್ 350 ಕೊಡುವುದು 20.4 ಪಿಎಸ್, 27 ನ್ಯೂಟನ್ ಮೀಟರ್. ದುಪ್ಪಟ್ಟಿಗೂ ಹೆಚ್ಚು ಶಕ್ತಿಯಿರುವ ಗಾಡಿ ಘಾಟಿಯಲ್ಲಿ ದುಪ್ಪಟ್ಟು ಖುಷಿ ಕೊಡಬೇಕಲ್ಲವೇ? ಅದು ಯಾವ ಘಾಟಿ ಎಂಬುದರ ಮೇಲೆ ನಿಂತಿದೆ.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ದಾರಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಮೊದಲ ಅಥವಾ ಎರಡನೇ ಗೇರು, ಗಂಟೆಗೆ ಹದಿನೈದು ಇಪ್ಪತ್ತು ಕಿ.ಮೀ. ವೇಗ. ತಿರುವಿನ ಒಳಬದಿ ಕಡಿದಾಗಿ ಇಳಿಯುತ್ತದೆ, ಮಳೆಗಾಲದಲ್ಲಿ ಅಂಚಿಗೆ ಪಾಚಿ ಬೇರೆ. ಎದುರಿನಿಂದ ಮಿನಿ ಬಸ್ ಹತ್ತುತ್ತಿದ್ದರೆ ಅದು ಇಡೀ ತಿರುವನ್ನು ತನ್ನದಾಗಿಸಿಕೊಂಡೇ ತಿರುಗಬೇಕು, ನೀವು ಇಳಿಜಾರಿನಲ್ಲಿ, ಅರ್ಧ ತಿರುಗಿದ ಹ್ಯಾಂಡಲಿನೊಂದಿಗೆ, ಒಂದು ಕಾಲೂರಿ ನಿಲ್ಲಬೇಕು. ಆ ಕ್ಷಣದಲ್ಲಿ 47 ಪಿಎಸ್‌ನಿಂದ ಮೂರು ಕಾಸಿನ ಉಪಯೋಗವಿಲ್ಲ. ಬೇಕಾದದ್ದು ಹಗುರಾದ, ಉದ್ದ ಕಡಿಮೆಯಿರುವ ಗಾಡಿ, ಅಂದರೆ 350. ಕೈಕಾಲು ಪಳಗಿದವರು 650ರಲ್ಲೂ ಇಳಿಯುತ್ತಾರೆ, ಇಳಿದು ಹೆಬ್ರಿಯಲ್ಲಿ ಚಹಾ ಕುಡಿಯುವಾಗ ಭುಜ ಹಿಡಿದುಕೊಂಡಿರುತ್ತದೆ.

ಶಿರಾಡಿಯ ಕಥೆ ಬೇರೆ. ಅದು ಬೆಂಗಳೂರು–ಮಂಗಳೂರು ಹೆದ್ದಾರಿ. ತಿರುವುಗಳು ಉದ್ದ, ಏರು ದೀರ್ಘ, ಮುಂದೆ ಟ್ಯಾಂಕರು ಲಾರಿಗಳ ಸಾಲು. ಗುಂಡ್ಯದಿಂದ ಸಕಲೇಶಪುರದ ಕಡೆಗೆ ಹತ್ತುವಾಗ ಲಾರಿಯನ್ನು ಹಿಂದಿಕ್ಕಬೇಕೆಂದರೆ 350ರಲ್ಲಿ ಮೊದಲೇ ಗೇರು ಇಳಿಸಿ, ಎಂಜಿನ್ ಸುತ್ತು ಏರಿಸಿಕೊಂಡು, ಮುಂದಿನ ನೇರ ರಸ್ತೆಗಾಗಿ ಕಾದು ಹೊರಡಬೇಕು. ಒಂಟಿಯಾಗಿದ್ದರೆ ತಾಳ್ಮೆಯ ಕೆಲಸ ಅಷ್ಟೇ. 650ರಲ್ಲಿ ಗೇರು ಬದಲಿಸದೆ ಆಕ್ಸಿಲರೇಟರ್ ತಿರುಗಿಸಿದರೆ ಸಾಕು. ಗರಿಷ್ಠ ಟಾರ್ಕ್‌ನ ಶೇ 80ರಷ್ಟು ಎಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುವಾಗಲೇ ಸಿಗುತ್ತದೆ ಎಂದು ಕಂಪನಿ ಹೇಳುತ್ತದೆ, ಏರಿನಲ್ಲಿ ಆ ಮಾತು ಅನುಭವಕ್ಕೆ ಬರುತ್ತದೆ. ಲಾರಿಯ ಪಕ್ಕದಲ್ಲಿ, ಎದುರು ದಿಕ್ಕಿನ ಪಥದಲ್ಲಿ ಕಳೆಯುವ ಸಮಯ ಕಡಿಮೆಯಾಗುವುದು ಸುರಕ್ಷತೆಯ ದೃಷ್ಟಿಯಿಂದ ಸಣ್ಣ ಲಾಭವೇನಲ್ಲ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವುದು ಇವೆರಡರ ನಡುವಿನ ಸ್ವಭಾವದ್ದು. ಒಣ ರಸ್ತೆಯಲ್ಲಿ ಮಧ್ಯಮ ವೇಗದ ತಿರುವುಗಳನ್ನು 650 ಬಹಳ ಸ್ಥಿರವಾಗಿ ಹಿಡಿಯುತ್ತದೆ, ಮುಂದಿನ ಚಕ್ರವನ್ನು ಹಿಡಿದು ಪೆಟ್ಟು ತಡೆಯುವ ಶೋವಾ ಕಂಪನಿಯ ಫೋರ್ಕ್ ನಿಜಕ್ಕೂ ಒಳ್ಳೆಯದು. ಆದರೆ ಒಂದು ಮಿತಿಗಿಂತ ಹೆಚ್ಚು ವಾಲಿಸಿದರೆ ಫುಟ್‌ರೆಸ್ಟ್ ನೆಲ ತಾಗುತ್ತದೆ. 350ರಲ್ಲೂ ತಾಗುತ್ತದೆ, 650ರಲ್ಲಿ ಬೇಗ. ಜುಲೈ ತಿಂಗಳ ಮಂಜಿನಲ್ಲಿ, ಒದ್ದೆ ಕಾಂಕ್ರೀಟಿನ ಮೇಲೆ 650ರ ಆಕ್ಸಿಲರೇಟರನ್ನು ತುಸು ಜೋರಾಗಿ ತಿರುಗಿಸಿದರೆ ಹಿಂದಿನ ಚಕ್ರ ಜಾರುವಷ್ಟು ಕಸುವು ಅದಕ್ಕಿದೆ, ತಡೆಯಲು ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ. ಹೊಸಬರಿಗೆ ಮಳೆಗಾಲದ ಮಲೆನಾಡಿನಲ್ಲಿ 350ರ ಬಡಕಲು ಶಕ್ತಿಯೇ ರಕ್ಷಣೆ.

ಘಾಟಿಗಿಂತ ಘಾಟಿಯ ದಾರಿ ದೊಡ್ಡದು

ಬೆಂಗಳೂರಿನಿಂದ ಕೊಟ್ಟಿಗೆಹಾರ 250 ಕಿ.ಮೀ.ಗೂ ಹೆಚ್ಚು. ಅಲ್ಲಿಂದ ಕೆಳಗಿನ ಘಾಟಿ ಅದರ ಹತ್ತರಲ್ಲೊಂದು ಪಾಲು. 650ರ ನಿಜವಾದ ಸುಖ ಈ ಮೊದಲ 250ರಲ್ಲಿದೆ. ನೆಲಮಂಗಲ ದಾಟಿ ಹಾಸನದ ಹೆದ್ದಾರಿ ಹಿಡಿದರೆ ಆರನೇ ಗೇರಿನಲ್ಲಿ ಎಂಜಿನ್ ಗೊಣಗದೆ ಸಾಗುತ್ತದೆ, ಹ್ಯಾಂಡಲಿನಲ್ಲಿ ನಡುಕವಿಲ್ಲ, ಎದುರುಗಾಳಿಗೆ ಜಗ್ಗುವುದಿಲ್ಲ. 350 ಐದು ಗೇರಿನ ಗಾಡಿ. ಗಂಟೆಗೆ 80–90 ಕಿ.ಮೀ.ಯಲ್ಲಿ ಅದು ಸುಖವಾಗಿರುತ್ತದೆ, ನೂರರ ಹತ್ತಿರ ಹೋದಂತೆ ಸಾಕು ಬಿಡು ಎನ್ನುತ್ತದೆ.

ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಒಂದು, ನಾಲ್ಕು ಪಥದ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಗಳಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಗರಿಷ್ಠ ವೇಗವೇ 80 ಕಿ.ಮೀ. ಅಂದರೆ ಕಾನೂನಿನ ಒಳಗಿರುವಾಗ 350 ಎಲ್ಲಿಯೂ ಹಿಂದೆ ಬೀಳುವುದಿಲ್ಲ, ಹಿಂದಿಕ್ಕುವಾಗಿನ ಚುರುಕು ಮಾತ್ರ ಕಡಿಮೆ. ಎರಡು, 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ಬೈಕುಗಳಿಗೆ ಪ್ರವೇಶವಿಲ್ಲ. ನಿಮ್ಮ ಪ್ರವಾಸಗಳು ಮೈಸೂರು, ಕೊಡಗು, ಬಂಡೀಪುರದ ಕಡೆಗೇ ಹೆಚ್ಚಾದರೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದವರೆಗೆ ಸರ್ವಿಸ್ ರಸ್ತೆ ಮತ್ತು ಹಳೆಯ ಹೆದ್ದಾರಿಯೇ ಗತಿ. ಅಲ್ಲಿರುವುದು ಎತ್ತಿನ ಗಾಡಿ, ಅಡ್ಡಬರುವ ಆಟೋ, ಮತ್ತೆ ಅದೇ ಹಂಪು. ನಾಲ್ಕು ಲಕ್ಷದ ಹೆದ್ದಾರಿ ಗಾಡಿ ಕೊಂಡು ಸರ್ವಿಸ್ ರಸ್ತೆಯಲ್ಲಿ ಓಡಿಸುವುದಕ್ಕೆ ನನ್ನ ಮನಸ್ಸಂತೂ ಒಪ್ಪುವುದಿಲ್ಲ. ಹಾಸನ, ಚಿತ್ರದುರ್ಗದ ದಿಕ್ಕಿನವರಿಗೆ ಈ ತಕರಾರಿಲ್ಲ.

ಹಿಂದೆ ಕೂರುವವರು

ಇಲ್ಲಿ ಲೆಕ್ಕ 650ರ ಪರ ತಿರುಗುತ್ತದೆ. 75 ಕೆ.ಜಿ.ಯ ಸವಾರ, ಹಿಂದೆ 60 ಕೆ.ಜಿ.ಯವರೊಬ್ಬರು, 15 ಕೆ.ಜಿ. ಸಾಮಾನು ಎಂದುಕೊಂಡರೆ 350ರ ಒಟ್ಟು ತೂಕ 341, ಅದನ್ನು ಎಳೆಯಲು 20.4 ಪಿಎಸ್. 650ರ ಒಟ್ಟು ತೂಕ 391, ಎಳೆಯಲು 47. ಇಬ್ಬರು ಕೂತು ಶಿರಾಡಿ ಹತ್ತುವಾಗ 350 ಎದುರುಸಿರು ಬಿಡುತ್ತದೆ. 650ಕ್ಕೆ ಅದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಪ್ರವಾಸವೆಂದರೆ ಯಾವಾಗಲೂ ಇಬ್ಬರೇ ಎನ್ನುವವರು ಮೇಲೆ ಹೇಳಿದ ಕಿರಿಕಿರಿಗಳನ್ನೆಲ್ಲ ಸಹಿಸಿಕೊಂಡಾದರೂ 650ರ ಕಡೆ ನೋಡುವುದು ನ್ಯಾಯ. ಹಿಂದೆ ಕೂರುವವರಿಗೆ ಬೆನ್ನಾಸರೆ ಬೇಕು ಎಂಬುದಾದರೆ 350ರಲ್ಲಿ ಸೂಪರ್‌ನೋವಾ, 650ರಲ್ಲಿ ಸೆಲೆಸ್ಟಿಯಲ್ ಮಾದರಿಗಳನ್ನು ನೋಡಿ, ಗಾಳಿ ತಡೆಯುವ ಗಾಜೂ ಜೊತೆಗೇ ಬರುತ್ತದೆ. ಆದರೆ ಹಿಂದೆ ಕೂರುವವರ ಅಭಿಪ್ರಾಯವನ್ನು ಅವರಿಂದಲೇ ಕೇಳಿ. ಮುಂದೆ ಕೂತವರಿಗೆ ಸೀಟು ಯಾವಾಗಲೂ ಮೆತ್ತಗೇ ಇರುತ್ತದೆ.

ಹಣ

ಷೋರೂಮ್ ಬೆಲೆಯಲ್ಲಿ ಒಂದು ಸುಮಾರು ಎರಡು ಲಕ್ಷ, ಇನ್ನೊಂದು ಸುಮಾರು ನಾಲ್ಕು ಲಕ್ಷ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಬದಲಾವಣೆ ಈ ಕಂದಕವನ್ನು ಹಿಗ್ಗಿಸಿತು. 350 ಸಿಸಿವರೆಗಿನ ಬೈಕುಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡವುಗಳದ್ದು ಸೆಸ್ ಸೇರಿ 31 ಇದ್ದದ್ದು 40ಕ್ಕೆ ಏರಿತು. 349 ಸಿಸಿಯ ಗಾಡಿ ಗೆರೆಯ ಈಚೆ ಉಳಿದುಕೊಂಡಿತು.

ಅದರ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ. ಲಕ್ಷ ರೂಪಾಯಿ ಮೀರಿದ ದ್ವಿಚಕ್ರ ವಾಹನಕ್ಕೆ ಶೇ 18. ಎರಡು ಲಕ್ಷಕ್ಕೆ ಅದು 36 ಸಾವಿರ, ನಾಲ್ಕು ಲಕ್ಷಕ್ಕೆ 72 ಸಾವಿರ, ಅದರ ಮೇಲೆ ಸೆಸ್. ವಿಮೆಯೂ ಹಾಗೆಯೇ. 2022ರ ಜೂನ್‌ನಲ್ಲಿ ಜಾರಿಯಾದ ದರದಂತೆ ಹೊಸ ಬೈಕಿನ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 150ರಿಂದ 350 ಸಿಸಿವರೆಗೆ 7,365 ರೂಪಾಯಿ, 350 ದಾಟಿದರೆ 15,117. ಎಲ್ಲ ಕೂಡಿಸಿದರೆ ರಸ್ತೆಗಿಳಿಯುವಾಗಿನ ವ್ಯತ್ಯಾಸ ಎರಡೂವರೆ ಲಕ್ಷದ ಹತ್ತಿರ ಬಂದು ನಿಲ್ಲುತ್ತದೆ.

ಪೆಟ್ರೋಲಿನ ಲೆಕ್ಕ ಅಷ್ಟು ಭಯಂಕರವಲ್ಲ. 350 ಲೀಟರಿಗೆ 35 ಕಿ.ಮೀ. ಆಸುಪಾಸು, 650 ಅಂದಾಜು 25. ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿದರೆ ಹನ್ನೊಂದು ಹನ್ನೆರಡು ಲೀಟರ್ ಹೆಚ್ಚು, ಅಂದರೆ ಸುಮಾರು 1,200 ರೂಪಾಯಿ. ಆದರೆ ಟೈರು, ಚೈನು, ಬ್ರೇಕ್ ಪ್ಯಾಡುಗಳು 650ರಲ್ಲಿ ದುಬಾರಿ.

ಎರಡೂವರೆ ಲಕ್ಷದಲ್ಲಿ ಏನೇನು ಬರುತ್ತದೆ ಎಂದು ಒಮ್ಮೆ ಯೋಚಿಸಿ. 350 ಕೊಂಡು, ಒಳ್ಳೆಯ ಹೆಲ್ಮೆಟ್, ಜಾಕೆಟ್, ಬೂಟು, ಮಳೆ ಉಡುಪು ಇಬ್ಬರಿಗೂ ಕೊಂಡು, ಕೆಲವು ವರ್ಷಗಳ ಪ್ರವಾಸದ ಪೆಟ್ರೋಲೂ ವಸತಿಯೂ ಅದರಲ್ಲೇ ಆಗುತ್ತದೆ. ಅಥವಾ, ಇದು ಹಲವರಿಗೆ ಹೊಳೆಯದ ದಾರಿ, ಈಗಾಗಲೇ ಮನೆಯಲ್ಲಿ ಸ್ಕೂಟರ್ ಇದ್ದರೆ ಅಥವಾ ಕಚೇರಿಗೆ ಮೆಟ್ರೋ ಸಿಗುವಂತಿದ್ದರೆ ಪೇಟೆಯ ಐವತ್ತು ಗಂಟೆಯ ವಾದವೇ ಬಿದ್ದುಹೋಗುತ್ತದೆ. ಆಗ 650 ಬರೀ ರಜೆಯ ಗಾಡಿ, ಅದರ ಭಾರ ನಿಮ್ಮನ್ನು ದಿನವೂ ಕಾಡುವುದಿಲ್ಲ. ಅಂಥವರಿಗೆ ನನ್ನ ಮತ ಅದಕ್ಕೇ. ಒಂದೇ ಗಾಡಿಯಲ್ಲಿ ಎಲ್ಲವೂ ಆಗಬೇಕು ಎನ್ನುವವರಿಗೆ, ಬೆಂಗಳೂರಿನವರಾಗಿದ್ದರೆ, ಕಣ್ಣು ಮುಚ್ಚಿ 350. ಹಾಸನ, ಚಿಕ್ಕಮಗಳೂರು, ಶಿವಮೊಗ್ಗದಂಥ ಊರಿನಲ್ಲಿದ್ದು ಕಚೇರಿ ಹತ್ತು ನಿಮಿಷದ ದಾರಿಯಾಗಿದ್ದರೆ ಈ ಮಾತು ಇಷ್ಟು ಖಚಿತವಾಗಿ ನಿಲ್ಲುವುದಿಲ್ಲ.

ಎರಡು ಲಕ್ಷವೂ ಹೆಚ್ಚಾಯಿತು ಎನ್ನುವವರಿಗೆ ಬಜಾಜ್ ಅವೆಂಜರ್ ಕ್ರೂಸ್ 220 ಇದೆ. 163 ಕೆ.ಜಿ., 737 ಮಿ.ಮೀ. ಸೀಟು, ಪೇಟೆಯಲ್ಲಿ ಬೆಣ್ಣೆಯಂತೆ ನಡೆಯುತ್ತದೆ. ಹಿಂದೆ ಡ್ರಮ್ ಬ್ರೇಕು, ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ. ಮಳೆಗಾಲದ ಘಾಟಿ ನಿಮ್ಮ ಪಟ್ಟಿಯಲ್ಲಿದ್ದರೆ ಇದೊಂದು ಕಾರಣಕ್ಕೆ ನಾನು ಹಿಂಜರಿಯುತ್ತೇನೆ.

ಓಡಿಸಿ ನೋಡುವಾಗ, ಹಳೆಯದು ಕೊಳ್ಳುವಾಗ

ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಎರಡು ಕಿ.ಮೀ. ಓಡಿಸಿದರೆ ಎಲ್ಲರಿಗೂ 650ಯೇ ಇಷ್ಟವಾಗುತ್ತದೆ. ಆದ್ದರಿಂದ ಕೆಲಸದ ದಿನ ಸಂಜೆ ಹೋಗಿ, ಮನೆಯವರನ್ನೂ ಕರೆದುಕೊಂಡು ಹೋಗಿ. ಓಡಿಸುವ ಮೊದಲು, ಎಂಜಿನ್ ಆರಿಸಿಯೇ, ಷೋರೂಮಿನ ಮುಂದಿನ ಇಳಿಜಾರಿನಿಂದ ಗಾಡಿಯನ್ನು ಒಬ್ಬರೇ ಹಿಂದಕ್ಕೆ ತೆಗೆದು ನೋಡಿ. ಬಳಿಕ ಕಿರಿದಾದ ಬೀದಿಯಲ್ಲಿ ಕಾಲೂರದೆ ಪೂರ್ತಿ ತಿರುಗಿಸಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಒಂದು ಚೂಪು ಹಂಪು ದಾಟಿ.

2020ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ 350, 2023ರ ಜನವರಿಯಲ್ಲಿ ಬಂದ 650, ಎರಡೂ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. 650 ನೋಡುವಾಗ ಮೊದಲು ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಮೊಬೈಲ್ ಟಾರ್ಚ್ ಹಾಕಿ ಹೊಟ್ಟೆ ನೋಡಿ. ಸೈಲೆನ್ಸರ್ ಪೈಪಿನ ತಳದಲ್ಲಿ ತೆಳುವಾದ ಗೀರುಗಳಿದ್ದರೆ ಚಿಂತೆಯಿಲ್ಲ, ಅದು ಈ ಊರಿನಲ್ಲಿ ಓಡಾಡಿದ ಗುರುತು. ತಗ್ಗು ಬಿದ್ದಿದ್ದರೆ ಅಥವಾ ಎಂಜಿನ್ ತಳದ ಆಯಿಲ್ ಬೋಲ್ಟಿನ ಸುತ್ತ ಹೊಸ ಪೇಂಟಿನ ಹೊಳಪು ಕಂಡರೆ ಬೆಲೆಯ ಮಾತಿಗೆ ಮುನ್ನ ಮೆಕ್ಯಾನಿಕ್‌ನನ್ನು ಕರೆಸಿ. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಗೆ ಬೆರಳು ಸವರಿ ಆಯಿಲ್ ಜಿಡ್ಡಿದೆಯೇ ನೋಡಿ. ಹ್ಯಾಂಡಲ್ ತುದಿ, ಕ್ಲಚ್ ಲಿವರ್ ತುದಿ, ಎಡ ಫುಟ್‌ರೆಸ್ಟ್ ಈ ಮೂರೂ ಒಂದೇ ಬದಿಯಲ್ಲಿ ಉಜ್ಜಿಕೊಂಡಿದ್ದರೆ ಗಾಡಿ ನಿಂತಲ್ಲೇ ಒಮ್ಮೆ ಬಿದ್ದಿದೆ ಎಂದರ್ಥ. 241 ಕೆ.ಜಿ.ಯ ಗಾಡಿಗೆ ಇದು ಅಪರೂಪದ ಸಂಗತಿಯೇನಲ್ಲ, ಆದರೆ ಬೆಲೆ ಇಳಿಸಲು ಸಾಕಾದಷ್ಟು ಕಾರಣ.